ಸಣ್ಣ ಟ್ರೇಲರಿಗೆ ಎಷ್ಟು ದೊಡ್ಡ ಜನರೇಟರ್?

ಅಂಗಡಿಯಲ್ಲಿ ಮೊದಲು ಕೇಳುವುದು ಒಂದೇ ಪ್ರಶ್ನೆ: "ಎಷ್ಟು ಕೆವಿಎದ್ದು ಬೇಕ್ರಿ?" ಕೆವಿಎ ಅಂದರೆ ಜನರೇಟರಿನ ಸಾಮರ್ಥ್ಯದ ಅಳತೆ, ಈ ಸಣ್ಣ ಮಷಿನುಗಳಲ್ಲಿ 1 ಕೆವಿಎ ಹೆಚ್ಚೂಕಡಿಮೆ 1000 ವ್ಯಾಟ್. ಗೊತ್ತಿಲ್ಲ ಅಂದರೆ ಮುಂದಿನ ಮಾತೂ ಸಿದ್ಧ ಇರುತ್ತದೆ: "ದೊಡ್ಡದನ್ನ ತಗೊಂಡು ಬಿಡ್ರಿ, ತ್ರಾಸ ಇರೂದಿಲ್ಲ." ತ್ರಾಸ ಇರುವುದೇ ಅಲ್ಲಿ. 3 ಕೆವಿಎ ಸಾದಾ ಮಷಿನ್ ಅಂದರೆ 40 ಕೆಜಿ ಮೇಲೆ ತೂಕ, ಇಳಿಸಲು ಇಬ್ಬರು ಬೇಕು. ಎರಡು ಬಲ್ಬ್ ಉರಿಯಲಿ, ಇಪ್ಪತ್ತು ಉರಿಯಲಿ, ಅದರ ಇಂಜಿನ್ ನಿಮಿಷಕ್ಕೆ 3000 ಸುತ್ತು ತಿರುಗಲೇಬೇಕು. ಇಲ್ಲದಿದ್ದರೆ 50 ಹರ್ಟ್ಜ್ ಬರುವುದಿಲ್ಲ. ರಾತ್ರಿ ಫ್ಯಾನ್ ಒಂದಕ್ಕೇ ಅಷ್ಟು ಪೆಟ್ರೋಲು, ಅಷ್ಟು ಸದ್ದು.

ಕಾರಿನ ಹಿಂದೆ ಕಟ್ಟಿಕೊಂಡು ಹೋಗಿ ಒಳಗೇ ಉಳಿಯುವ ಹತ್ತು–ಹನ್ನೆರಡು ಅಡಿ ಟ್ರೇಲರಿಗೆ ಜನರೇಟರ್ ಎಷ್ಟಿರಬೇಕು ಎಂದು ಹೇಳುವುದು ಅದರ ಅಡುಗೆ ಕಟ್ಟೆ. ಇಂಡಕ್ಷನ್ ಒಲೆ 2000 ವ್ಯಾಟ್, ಕೆಟಲ್ 1500, ನೀರು ಕಾಯಿಸುವ ರಾಡ್ 1500. ಇವುಗಳಲ್ಲಿ ಒಂದನ್ನು ಲೆಕ್ಕಕ್ಕೆ ಸೇರಿಸಿದರೂ ಮಷಿನಿನ ಗಾತ್ರ ಏರಿಬಿಡುತ್ತದೆ. ಕರೆಂಟಿನಿಂದ ಕಾಯಿಸುವ ಯಾವುದನ್ನೂ ಜನರೇಟರಿಗೆ ಹಚ್ಚಬೇಡಿ. ಪೆಟ್ರೋಲಿನ ಶಾಖದಲ್ಲಿ ಈ ಸಣ್ಣ ಇಂಜಿನ್ನುಗಳು ಕರೆಂಟ್ ಮಾಡಿಕೊಡುವುದು ಹೆಚ್ಚೆಂದರೆ ಐದರಲ್ಲಿ ಒಂದು ಪಾಲು. ಅದನ್ನು ಮತ್ತೆ ಶಾಖ ಮಾಡಿ ಚಹಾ ಕುದಿಸುವುದು ದುಬಾರಿ ಚಹಾ. 5 ಕೆಜಿ ಗ್ಯಾಸ್ ಸಿಲಿಂಡರ್ ಮತ್ತು ಒಂದು ಒಲೆ ಇದ್ದರೆ ಉಪ್ಪಿಟ್ಟು, ಚಹಾ, ಸ್ನಾನದ ನೀರು ಎಲ್ಲ ಮುಗಿಯಿತು.

ಉಳಿದದ್ದನ್ನು ಕೂಡಿಸಿ. 9 ವ್ಯಾಟಿನ ಎಲ್‌ಇಡಿ ನಾಲ್ಕು, 36. ಬಿಎಲ್‌ಡಿಸಿ ಫ್ಯಾನ್ ಎರಡು, 60 (ಹಳೆಯ ಸಾದಾ ಫ್ಯಾನಾದರೆ ಒಂದಕ್ಕೇ 75). 12 ವೋಲ್ಟಿನ ಸಣ್ಣ ಫ್ರಿಜ್ 50. ನಾಲ್ಕು ಮೊಬೈಲ್ 80, ಒಂದು ಲ್ಯಾಪ್‌ಟಾಪ್ 65, ನಲ್ಲಿ ಬಿಟ್ಟಾಗ ಮಾತ್ರ ತಿರುಗುವ ನೀರಿನ ಪಂಪ್ 60. ಎಲ್ಲ ಒಂದೇ ಹೊತ್ತಿಗೆ ನಡೆದರೂ 350 ವ್ಯಾಟ್ ಚಿಲ್ಲರೆ. ಇದರ ಮೇಲೆ ಬ್ಯಾಟರಿ ಚಾರ್ಜರ್: 12 ವೋಲ್ಟಿಗೆ 30 ಆಂಪಿಯರ್ ಕೊಡುವ ಚಾರ್ಜರ್ ಸುಮಾರು 500 ವ್ಯಾಟ್ ಎಳೆಯುತ್ತದೆ. ಅಲ್ಲಿಗೆ 850. ಶೇಂಗಾ ಚಟ್ನಿಗೆ 750 ವ್ಯಾಟಿನ ಮಿಕ್ಸಿ ತಿರುಗಿಸುವ ಎರಡು ನಿಮಿಷ ಚಾರ್ಜರ್ ಬಂದ್ ಮಾಡಿದರೆ ಆಯಿತು.

ಈಗ ಮಷಿನಿನ ಮೇಲಿನ ಅಂಕಿ ಓದಿ. ದೊಡ್ಡ ಅಕ್ಷರದಲ್ಲಿ 2.2 ಕೆವಿಎ ಅಂತ ಬರೆದಿದ್ದರೆ ಅದು ಗರಿಷ್ಠ, ಕೆಲವೇ ನಿಮಿಷ ಕೊಡುವಂಥದ್ದು. ಬಿಡದೆ ಕೊಡುವುದು ಪಕ್ಕದಲ್ಲೇ ಸಣ್ಣದಾಗಿ ಬರೆದ 1.8. ಅದೂ ಸಮುದ್ರಮಟ್ಟದ ಲೆಕ್ಕ. ಧಾರವಾಡ ಸುಮಾರು 750 ಮೀಟರ್ ಎತ್ತರದಲ್ಲಿದೆ, ಹುಬ್ಬಳ್ಳಿ, ಗದಗ ಸ್ವಲ್ಪ ಕೆಳಗೆ. ಪ್ರತಿ 300 ಮೀಟರಿಗೆ ಇಂಜಿನ್ನಿನ ಶಕ್ತಿ ಶೇಕಡಾ 3ರಿಂದ 3.5 ಇಳಿಯುತ್ತದೆ. ಏಪ್ರಿಲ್ ಬಿಸಿಲನ್ನೂ ಸೇರಿಸಿ ಶೇಕಡಾ 10 ಕಳೆದುಬಿಡಿ, 1.6 ಉಳಿಯಿತು, ಅಂದರೆ 1600 ವ್ಯಾಟ್. 850ಕ್ಕೆ ಇದು ಧಾರಾಳ. 80ರಿಂದ 120 ಸಿಸಿ ಇಂಜಿನ್ನಿನ, 20 ಕೆಜಿ ಆಸುಪಾಸಿನ ಇನ್ವರ್ಟರ್ ಜನರೇಟರ್ ಸಾಕು. 100 ಸಿಸಿ ಮಷಿನ್ ತೋರಿಸಿ 3 ಕೆವಿಎ ಅಂದರೆ ನಂಬಬೇಡಿ.

ಇಲ್ಲಿ ಇನ್ವರ್ಟರ್ ಅಂದರೆ ಮನೆಯ ಬ್ಯಾಟರಿ ಇನ್ವರ್ಟರ್ ಅಲ್ಲ. ಈ ಮಷಿನಿನೊಳಗೆ ಹುಟ್ಟಿದ ಕರೆಂಟನ್ನು ಮೊದಲು ಡಿಸಿ ಮಾಡಿ, ಆಮೇಲೆ ಎಲೆಕ್ಟ್ರಾನಿಕ್ಸ್ ಮೂಲಕ ಶುದ್ಧ 230 ವೋಲ್ಟ್, 50 ಹರ್ಟ್ಜ್ ಮಾಡುತ್ತಾರೆ. ಹಾಗಾಗಿ ಲೋಡ್ ಕಡಿಮೆ ಇದ್ದಾಗ ಇಂಜಿನ್ ನಿಧಾನ ತಿರುಗಿದರೂ ನಡೆಯುತ್ತದೆ. ಮೂರೂವರೆ ಲೀಟರ್ ಟ್ಯಾಂಕ್ ಪೂರ್ತಿ ಲೋಡಿನಲ್ಲಿ ಮೂರು ತಾಸು ಬಂದರೆ, ಕಾಲು ಲೋಡಿನಲ್ಲಿ ಎಂಟು ತಾಸಿನವರೆಗೂ ಬರುತ್ತದೆ. ಸಾದಾ ಮಷಿನಿಗೆ ಇದು ಸಾಧ್ಯವಿಲ್ಲ. ಅದರ ಕರೆಂಟಿನಲ್ಲಿ ಬಿಎಲ್‌ಡಿಸಿ ಫ್ಯಾನ್ ಗುಂಯ್ಗುಡುವುದೂ ಉಂಟು. ಬೆಲೆ ಜಾಸ್ತಿ ಹೌದು. ದುಡ್ಡು ಹಾಕುವುದಾದರೆ ಇಲ್ಲಿಯೇ ಹಾಕಿ, ಕೆವಿಎಗೆ ಹಾಕಬೇಡಿ.

ಏಸಿ ಬೇಕು ಅನ್ನುವವರಿಗೆ: 1 ಟನ್ ಸಾದಾ ಏಸಿಯ ಕಂಪ್ರೆಸರ್ ಶುರುವಾಗುವ ಕ್ಷಣ, ನಡೆಯುವಾಗ ಎಳೆಯುವುದರ ನಾಲ್ಕೈದು ಪಟ್ಟು ಕರೆಂಟ್ ಕೇಳುತ್ತದೆ. ಸಣ್ಣ ಮಷಿನ್ ಅಲ್ಲೇ ಟ್ರಿಪ್. ಇನ್ವರ್ಟರ್ ಏಸಿ ಮೆಲ್ಲಗೆ ಏಳುತ್ತದೆ, 1.6ರಲ್ಲಿ ಹೇಗೋ ನಡೆದೀತು, ಬೇರೆ ಏನೂ ಹಚ್ಚುವಂತಿಲ್ಲ. ಗದಗ, ಹಾವೇರಿ ಕಡೆ ಬೇಸಿಗೆಯ ಗಾಳಿ ಒಣ ಗಾಳಿ, 150 ವ್ಯಾಟಿನ ಕೂಲರ್ ಅದರಲ್ಲಿ ಚಲೋ ಕೆಲಸ ಮಾಡುತ್ತದೆ. ಧಾರವಾಡದ ರಾತ್ರಿಗೆ ಕಿಟಕಿ ತೆಗೆದಿಟ್ಟರೂ ನಡೆಯುತ್ತದೆ.

ಜನರೇಟರಿಗಿಂತ ಮೊದಲು ಬ್ಯಾಟರಿ ಸರಿಯಾಗಬೇಕು. ಜನರೇಟರನ್ನು ಸಂಜೆ ಎರಡು ತಾಸು ಓಡಿಸಿ ಬ್ಯಾಟರಿ ತುಂಬಿಸಿ, ರಾತ್ರಿಯಿಡೀ ಬ್ಯಾಟರಿಯ ಮೇಲೆ ಇರುವುದೇ ಸರಿಯಾದ ಕ್ರಮ. 100 ಆಂಪಿಯರ್-ತಾಸಿನ ಲಿಥಿಯಂ ಫಾಸ್ಫೇಟ್ ಬ್ಯಾಟರಿ ಅರ್ಧ ಇಳಿದಿದ್ದರೆ ಮೇಲೆ ಹೇಳಿದ 30 ಆಂಪಿಯರ್ ಚಾರ್ಜರ್ ಎರಡು ತಾಸಿನೊಳಗೆ ತುಂಬಿಸುತ್ತದೆ. ಮನೆಯ ಟ್ಯೂಬುಲರ್ ಬ್ಯಾಟರಿ ತಂದು ಇಟ್ಟರೆ ಲೆಕ್ಕ ತಪ್ಪುತ್ತದೆ. ಅದು ಶೇಕಡಾ 80 ದಾಟಿದ ಮೇಲೆ ಕರೆಂಟನ್ನು ಗುಟುಕು ಗುಟುಕಾಗಿ ಕುಡಿಯುತ್ತದೆ, ಕೊನೆಯ ಶೇಕಡಾ 20ಕ್ಕೆ ಜನರೇಟರ್ ನಾಲ್ಕು ತಾಸು ಸುಮ್ಮನೆ ಓಡಬೇಕು. ಅದೇ ಬ್ಯಾಟರಿ ಇದ್ದರೆ 80ಕ್ಕೆ ನಿಲ್ಲಿಸಿ, ಉಳಿದದ್ದು ಊರಿಗೆ ಬಂದ ಮೇಲೆ ಹೆಸ್ಕಾಂ ಕರೆಂಟಿನಲ್ಲಿ ತುಂಬಲಿ.

ಸದ್ದಿನ ಅಂಕಿಯಲ್ಲಿ ಒಂದು ಆಟ ಇದೆ. ಪೆಟ್ರೋಲ್ ಜನರೇಟರುಗಳಿಗೆ 2003ರ ಸೆಪ್ಟೆಂಬರಿನಿಂದ ಜಾರಿಗೆ ಬಂದ ಮಿತಿ 86 ಡೆಸಿಬಲ್. ಅದು ಮಷಿನ್ ಒಟ್ಟಾರೆ ಹೊರಡಿಸುವ ಸದ್ದಿನ ಅಳತೆ. ಜಾಹೀರಾತಿನಲ್ಲಿ ಬರುವುದು 7 ಮೀಟರ್ ದೂರದಲ್ಲಿ ಕೇಳುವ ಸದ್ದು. 86ರ ಮಷಿನ್ ಬಯಲಿನಲ್ಲಿ 7 ಮೀಟರಿಗೆ ಸುಮಾರು 61 ಬರುತ್ತದೆ. ಅಂದರೆ ಒಂದು ಡಬ್ಬಿಯ ಮೇಲೆ 86, ಇನ್ನೊಂದರ ಮೇಲೆ 61 ಇದ್ದರೆ ಎರಡೂ ಒಂದೇ ಇರಬಹುದು. ದೂರ ದುಪ್ಪಟ್ಟಾದಾಗೆಲ್ಲ 6 ಡೆಸಿಬಲ್ ಇಳಿಯುತ್ತದೆ. ವಸತಿ ಪ್ರದೇಶಕ್ಕೆ ರಾತ್ರಿ 10ರಿಂದ ಬೆಳಗ್ಗೆ 6ರವರೆಗೆ ಇರುವ ಮಿತಿ 45. ಈ ಮಷಿನ್ ಅಷ್ಟಕ್ಕೆ ಇಳಿಯಬೇಕಾದರೆ 45 ಮೀಟರ್ ದೂರ ಬೇಕು. ಅಷ್ಟುದ್ದ ವೈರ್ ಎಳೆಯುವ ಬದಲು ಹತ್ತು ಗಂಟೆಗೆ ಬಂದ್ ಮಾಡುವುದು ಸುಲಭ. ಶಿರಹಟ್ಟಿ ತಾಲ್ಲೂಕಿನ ಮಾಗಡಿ ಕೆರೆಯ ಹತ್ತಿರ, ಚಳಿಗಾಲದಲ್ಲಿ ಪಟ್ಟೆತಲೆ ಹೆಬ್ಬಾತುಗಳು ಇಳಿಯುವ ಹೊತ್ತಿಗೆ, ಹಗಲಿನಲ್ಲೂ ಚಾಲೂ ಮಾಡಬೇಡಿ. ಕಪ್ಪತಗುಡ್ಡ ಅಭಯಾರಣ್ಯ, ಅಲ್ಲಿ ಅರಣ್ಯ ಇಲಾಖೆಯ ಅನುಮತಿ ಇಲ್ಲದೆ ಟ್ರೇಲರ್ ನಿಲ್ಲಿಸುವ ವಿಚಾರವೇ ಬೇಡ.

ಅಂಗಡಿಗೆ ಹೋಗುವಾಗ ಮಲ್ಟಿಮೀಟರ್ ಮತ್ತು ಒಂದು 1500 ವ್ಯಾಟಿನ ನೀರು ಕಾಯಿಸುವ ರಾಡ್ ಒಯ್ಯಿರಿ. ಟ್ರೇಲರಿನಲ್ಲಿ ಬೇಡ ಅಂದ ರಾಡ್ ಇಲ್ಲಿ ಒಳ್ಳೆಯ ಪರೀಕ್ಷಕ. ಹೊಸ ಮಷಿನ್ ಡಬ್ಬಿಯಿಂದ ಬರುವಾಗ ಎಣ್ಣೆ ಇರುವುದಿಲ್ಲ. ಮೊದಲು 10ಡಬ್ಲ್ಯೂ-30 ಆಯಿಲ್ ಹಾಕಿಸಿ, ಈ ಗಾತ್ರಕ್ಕೆ ಅರ್ಧ ಲೀಟರಿಗಿಂತ ಕಡಿಮೆ ಹಿಡಿಯುತ್ತದೆ. ಮೂರು ನಿಮಿಷ ಖಾಲಿ ಓಡಲಿ. ಪ್ಲಾಸ್ಟಿಕ್ ಬಕೆಟ್ಟಿನಲ್ಲಿ ರಾಡ್ ಮುಳುಗಿಸಿಟ್ಟು ಆಮೇಲೆ ಸ್ವಿಚ್ ಒತ್ತಿ. ರಾಡ್ ಚಾಲೂ ಇರುವಾಗ ನೀರಿಗೆ ಕೈ ಹಾಕಬಾರದು. ಇಕೋ ಮೋಡಿನಲ್ಲಿದ್ದರೆ (ಲೋಡ್ ಕಡಿಮೆ ಇದ್ದಾಗ ಇಂಜಿನ್ ನಿಧಾನ ಮಾಡುವ ಸ್ವಿಚ್) ಇಂಜಿನ್ ಒಮ್ಮೆ ತಗ್ಗಿ ಒಂದೆರಡು ಸೆಕೆಂಡಿನಲ್ಲಿ ಎದ್ದು ನಿಲ್ಲಬೇಕು. ವೋಲ್ಟೇಜ್ 215ರ ಕೆಳಗೆ ಇಳಿಯಬಾರದು. ಹೀಗೆ 20 ನಿಮಿಷ ಓಡಲಿ. ಹಳೆಯ ಮಷಿನ್ ಕೊಳ್ಳುವವರು ಕಿವಿಯನ್ನೂ ಕೊಡಬೇಕು. ಏರಿ ಇಳಿದು, ಏರಿ ಇಳಿದು ಉಸಿರು ಹಾಕುವಂತೆ ಓಡುತ್ತಿದ್ದರೆ ಕಾರ್ಬುರೇಟರಿನ ಸಣ್ಣ ಜೆಟ್ಟಿನಲ್ಲಿ ಹಳೆಯ ಪೆಟ್ರೋಲಿನ ಅಂಟು ಕೂತಿದೆ. ಅದು ತೊಳೆದರೆ ಹೋಗುತ್ತದೆ. ಹಗ್ಗ ಎಳೆದಾಗ ಕೈಗೆ ಎದುರು ಒತ್ತಡವೇ ಸಿಗದಿದ್ದರೆ ಕಂಪ್ರೆಶನ್ ಹೋಗಿದೆ, ಮನೆಗೆ ಬನ್ನಿ.

ವೈರು: 2.5 ಚದರ ಮಿಲಿಮೀಟರ್, ಮೂರು ಕೋರ್, ತಾಮ್ರದ್ದು, 15 ಮೀಟರ್. ಸುರುಳಿಯಲ್ಲಿ ಅರ್ಧ ಉಳಿಸಿಕೊಂಡು ಲೋಡ್ ಹಾಕಿದರೆ ಶಾಖ ಹೊರಹೋಗದೆ ಇನ್ಸುಲೇಶನ್ ಮೆತ್ತಗಾಗುತ್ತದೆ, ಪೂರ್ತಿ ಬಿಚ್ಚಿ.

ಹೆಚ್ಚಿನವರು ಎಡವುವುದು ಅರ್ಥಿಂಗಿನಲ್ಲಿ. ಈ ಸಣ್ಣ ಮಷಿನುಗಳಲ್ಲಿ ನ್ಯೂಟ್ರಲ್ ಸಾಮಾನ್ಯವಾಗಿ ಬಾಡಿಗೆ ಕೂಡಿರುವುದಿಲ್ಲ, ತೇಲುತ್ತಿರುತ್ತದೆ. ಟ್ರೇಲರಿನಲ್ಲಿ 30 ಮಿಲಿಆಂಪಿಯರ್ ಆರ್‌ಸಿಸಿಬಿ (ಕರೆಂಟ್ ಸೋರಿದರೆ ಲೈನ್ ಕಡಿಯುವ ಸ್ವಿಚ್) ಹಾಕಿಸಿ, ಟೆಸ್ಟ್ ಬಟನ್ ಒತ್ತಿ, ಟಪ್ ಅಂತ ಬಿದ್ದದ್ದು ನೋಡಿ ಸಮಾಧಾನ ಪಟ್ಟುಕೊಳ್ಳುತ್ತಾರೆ. ಆ ಬಟನ್ ಫೇಸ್ ಮತ್ತು ನ್ಯೂಟ್ರಲ್ ನಡುವೆಯೇ ಕರೆಂಟ್ ಹರಿಸಿ ಪರೀಕ್ಷೆ ಮಾಡುತ್ತದೆ. ಅರ್ಥ್ ಇದ್ದರೂ ಇಲ್ಲದಿದ್ದರೂ ಬೀಳುತ್ತದೆ. ನಿಜವಾದ ಸೋರಿಕೆ ಆದಾಗ ಕರೆಂಟಿಗೆ ಮರಳುವ ದಾರಿ ಇಲ್ಲದಿದ್ದರೆ ಆರ್‌ಸಿಸಿಬಿ ಸುಮ್ಮನೆ ಇರುತ್ತದೆ. ಕಂಪನಿಯ ಪುಸ್ತಕ ನೋಡಿ, ಬಲ್ಲ ಎಲೆಕ್ಟ್ರಿಶಿಯನ್ ಕಡೆಯಿಂದ ಜನರೇಟರ್ ಬದಿಯಲ್ಲಿ ಒಂದೇ ಕಡೆ ನ್ಯೂಟ್ರಲ್–ಅರ್ಥ್ ಕೂಡಿಸಿಕೊಳ್ಳಿ, ಟ್ರೇಲರಿನ ಚಾಸಿಯನ್ನೂ ಅದೇ ಅರ್ಥಿಗೆ ತನ್ನಿ. ಹೆಸ್ಕಾಂ ಕರೆಂಟ್ ತಗೊಳ್ಳುವಾಗ ಈ ಜೋಡಣೆ ನಡುವೆ ಬರಕೂಡದು.

ಮಷಿನ್ ಇಡುವುದು ಟ್ರೇಲರಿನಿಂದ ಕನಿಷ್ಠ 6 ಮೀಟರ್ ದೂರ, ಸೈಲೆನ್ಸರ್ ಬಾಯಿ ಆಚೆಗೆ, ಗಾಳಿ ಟ್ರೇಲರಿನ ಕಡೆಯಿಂದ ಬೀಸುವಂತೆ. ಹೊಗೆಯಲ್ಲಿರುವ ಕಾರ್ಬನ್ ಮೋನಾಕ್ಸೈಡ್ (ಸಿಒ) ಎಂಬ ವಿಷಗಾಳಿಗೆ ವಾಸನೆ ಇಲ್ಲ, ಬಣ್ಣ ಇಲ್ಲ. ತಲೆನೋವು, ತೂಕಡಿಕೆ ಬರುತ್ತದೆ, ಮಲಗಿದವರಿಗೆ ಅದೂ ಗೊತ್ತಾಗುವುದಿಲ್ಲ. ಗದಗಿನ ಬಯಲಿನಲ್ಲಿ ಸಂಜೆ ಗಾಳಿ ದಿಕ್ಕು ತಿರುಗಿದರೆ ಮಧ್ಯಾಹ್ನ ಸರಿಯಿದ್ದ ಜಾಗ ರಾತ್ರಿಗೆ ತಪ್ಪಾಗುತ್ತದೆ. ಬ್ಯಾಟರಿ ಹಾಕುವ ಸಿಒ ಅಲಾರ್ಮ್ ಒಂದನ್ನು ಹಾಸಿಗೆಯ ಹತ್ತಿರ ಹಚ್ಚಿ. ಧಾರವಾಡದ ಜಿಟಿಜಿಟಿ ಮಳೆಗೆ ಹೆದರಿ ಮಷಿನನ್ನು ಟ್ರೇಲರಿನ ಕೆಳಗೆ ತಳ್ಳುವುದು, ತಾಡಪತ್ರಿ ಸುತ್ತುವುದು ಎರಡೂ ಅಪಾಯ. ತಾಡಪತ್ರಿ ಸುತ್ತಿದರೆ ತಣ್ಣಗಿನ ಗಾಳಿ ಸಿಗದೆ ಮಷಿನ್ ಕಾಯುತ್ತದೆ, ತಾಡಪತ್ರಿ ಸೈಲೆನ್ಸರಿಗೆ ಅಂಟಿ ಉರಿಯುತ್ತದೆ. ನಾಲ್ಕು ಗಳ ನೆಟ್ಟು ಒಂದು ಮೀಟರ್ ಮೇಲೆ ತಗಡು ಹಾಕಿ, ನಾಲ್ಕೂ ಬದಿ ತೆರೆದಿರಲಿ.

ಎರೆ ಹೊಲದ ಬದಿಗೆ ನಿಲ್ಲಿಸಿದಾಗ ಇನ್ನೊಂದು ಕಾಟ. ಹಸಿ ಎರೆಯಲ್ಲಿ ಮಷಿನಿನ ಒಂದು ಕಾಲು ಮೆಲ್ಲಗೆ ಇಳಿಯುತ್ತದೆ, ಮಷಿನ್ ವಾಲುತ್ತದೆ, ಎಣ್ಣೆ ಒಂದು ಕಡೆ ಸರಿದು ಆಯಿಲ್ ಸೆನ್ಸರ್ ಇಂಜಿನ್ ಬಂದ್ ಮಾಡುತ್ತದೆ. ಪೆಟ್ರೋಲು ಇದೆ, ಪ್ಲಗ್ಗಿನಲ್ಲಿ ಕಿಡಿ ಬರುತ್ತಿಲ್ಲ, ಅರ್ಧ ರಾತ್ರಿ ಬಿಚ್ಚಿ ಕೂತವರೂ ಇದ್ದಾರೆ. ಕೆಳಗೆ ಎರಡು ಅಡಿ ಹಲಗೆ ಇಟ್ಟರೆ ಸಾಕು. ಬೇಸಿಗೆಯಲ್ಲಿ ಅದೇ ಮಣ್ಣು ಧೂಳಾಗಿ ಏರ್ ಫಿಲ್ಟರಿನಲ್ಲಿ ಕೂರುತ್ತದೆ. ಸ್ಪಂಜನ್ನು ಸಾಬೂನು ನೀರಿನಲ್ಲಿ ತೊಳೆದು, ಪೂರ್ತಿ ಒಣಗಿಸಿ, ನಾಲ್ಕು ಹನಿ ಇಂಜಿನ್ ಆಯಿಲ್ ಹಾಕಿ ಹಿಂಡಿ ಕೂರಿಸಿ. ಆಯಿಲ್ ಮೊದಲ ಬದಲಾವಣೆ 20 ತಾಸಿಗೆ, ಆಮೇಲೆ 100 ತಾಸಿಗೆ ಅಥವಾ ಆರು ತಿಂಗಳಿಗೆ.

ಸಾಗಿಸುವಾಗ ನೆಟ್ಟಗೆ ನಿಲ್ಲಿಸಿ, ಪೆಟ್ರೋಲ್ ಕಾಕ್ ಬಂದ್, ಟ್ಯಾಂಕ್ ಮುಚ್ಚಳದ ಗಾಳಿ ತೂತೂ ಬಂದ್. ಟ್ರೇಲರಿನ ಮೂತಿಯ ಮೇಲೆ ಕಟ್ಟುವವರು ಆ 20 ಕೆಜಿಯ ಬಹುಪಾಲು ಕಾರಿನ ಕೊಂಡಿಯ ಮೇಲೆ ಬೀಳುತ್ತದೆ ಎಂಬುದನ್ನು ಲೆಕ್ಕಕ್ಕೆ ತಗೊಳ್ಳಿ.

ಮಳೆಗಾಲಕ್ಕೆ ಎತ್ತಿಡುವ ಮುಂಚೆ ಪೆಟ್ರೋಲ್ ಖಾಲಿ ಮಾಡಬೇಕು. ಈಗ ಬಂಕಿನಲ್ಲಿ ಸಿಗುವುದು ಶೇಕಡಾ 20 ಎಥೆನಾಲ್ ಇರುವ ಇ20. ಎಥೆನಾಲ್ ಗಾಳಿಯ ತೇವ ಹೀರುತ್ತದೆ, ಆ ನೀರು ಕಾರ್ಬುರೇಟರಿನ ಬಟ್ಟಲಿನ ತಳಕ್ಕೆ ಇಳಿದು ತುಕ್ಕು ಹಿಡಿಸುತ್ತದೆ. ಟ್ಯಾಂಕ್ ಬಸಿದು, ಇಂಜಿನ್ ತಾನಾಗಿ ನಿಲ್ಲುವವರೆಗೆ ಓಡಿಸಿ, ಆಮೇಲೆ ಬಟ್ಟಲಿನ ಕೆಳಗಿನ ಸ್ಕ್ರೂ ಸಡಿಲಿಸಿ ಉಳಿದ ನಾಲ್ಕು ಚಮಚವನ್ನೂ ಇಳಿಸಿ. ದಸರೆಗೆ ಹೊರ ತೆಗೆದಾಗ ಮೂರನೆಯ ಎಳೆತಕ್ಕೆ ಚಾಲೂ ಆಗದಿದ್ದರೆ, ಈ ನಾಲ್ಕು ಚಮಚವನ್ನೇ ಮೊದಲು ಅನುಮಾನಿಸಿ.