ಬೀಜ ಹಂಚುವ ಮೊದಲು ಕೊಳ್ಳುವವರನ್ನು ಕರೆಯಿರಿ: ಮಲಾವಿಯ ತೊಗರಿ ಹೊಲದಲ್ಲಿ ಕಲಿತದ್ದು

ಆಫ್ರಿಕಾದವರಿಗೆ ತೊಗರಿ ಗೊತ್ತಾ ಅಂತ ಊರಿಗೆ ಬಂದಾಗಲೆಲ್ಲ ಯಾರಾದರೂ ಕೇಳುತ್ತಾರೆ. ಚೆನ್ನಾಗಿ ಗೊತ್ತು. ನಾನು ಕೆಲಸ ಮಾಡುವ ದಕ್ಷಿಣ ಮಲಾವಿಯಲ್ಲಿ ಅದಕ್ಕೆ ನಂದೋಲೊ ಅನ್ನುತ್ತಾರೆ. ಥ್ಯೋಲೊ, ಮುಲಾಂಜೆ, ಫಲೋಂಬೆ ಕಡೆ ಎಕರೆ, ಎರಡೆಕರೆ ಹೊಲಗಳೇ ಜಾಸ್ತಿ. ನವೆಂಬರ್-ಡಿಸೆಂಬರ್ ಮಳೆಗೆ ಮೆಕ್ಕೆಜೋಳದ ಜೊತೆ ಇದನ್ನೂ ಬಿತ್ತುತ್ತಾರೆ. ಏಪ್ರಿಲ್-ಮೇನಲ್ಲಿ ಜೋಳ ಮನೆಗೆ ಬಂದರೂ ತೊಗರಿ ಹೊಲದಲ್ಲೇ ನಿಂತಿರುತ್ತದೆ, ಜುಲೈನಿಂದ ಸೆಪ್ಟೆಂಬರ್‌ವರೆಗೆ ಕೊಯ್ಲು. ಜೋಳ ಹೊಟ್ಟೆಗೆ, ತೊಗರಿ ಕೈಗೆ ಕಾಸು. ಮಕ್ಕಳ ಫೀಸು, ಮುಂದಿನ ಮಳೆಗೆ ಗೊಬ್ಬರ ಎಲ್ಲ ಈ ಕಾಸಿನಲ್ಲೇ ಆಗಬೇಕು.

ನಾನು ಕಲಬುರಗಿ ಕಡೆಯವನು, ಹಾಗಾಗಿ ಇಲ್ಲಿಗೆ ಬಂದಾಗ ಬೆಳೆಯ ವಿಷಯದಲ್ಲಿ ಹೊಸದು ಅಂತ ಅನಿಸಿದ್ದು ಕಡಿಮೆ. ಇಲ್ಲೂ ಗಿಡ ಒಣಗಿಸುವ ನೆಟೆ ರೋಗವೇ ದೊಡ್ಡ ಕಾಟ. ನಮ್ಮಲ್ಲಿ ಅದನ್ನು ತಡೆಯಲು 1986ರಲ್ಲಿ ಮಾರುತಿ ತಳಿ ಬಂತು, ಹೆಚ್ಚುಕಡಿಮೆ ಅದೇ ಹೊತ್ತಿಗೆ ಇಲ್ಲಿ ಐಸಿಪಿ 9145 ಬಂತು. ಎರಡೂ ಹೈದರಾಬಾದ್ ಹತ್ತಿರದ ಅಂತರರಾಷ್ಟ್ರೀಯ ಬೆಳೆ ಸಂಶೋಧನಾ ಸಂಸ್ಥೆ ಇಕ್ರಿಸ್ಯಾಟ್ ಗುರುತಿಸಿದ ತಳಿಗಳು. ಬೀಜ, ರೋಗ, ಸಾಲಿನ ಅಂತರ, ಇವೆಲ್ಲ ನನಗೆ ಗೊತ್ತಿದ್ದ ವಿಷಯ. ಗೊತ್ತಿಲ್ಲದೆ ಇದ್ದದ್ದು ಬೇರೆ, ಅದನ್ನು ಕಲಿಸಿದ್ದು 2017.

ಸ್ವಲ್ಪ ಹಿಂದೆ ಹೋಗಬೇಕು. 2015ರಲ್ಲಿ ಭಾರತದಲ್ಲಿ ತೊಗರಿ ಬೇಳೆ ಕಿಲೋಗೆ 200 ರೂಪಾಯಿ ಮುಟ್ಟಿತ್ತು, ನೆನಪಿದೆ ಅಲ್ವಾ? 2016ರ ಜುಲೈನಲ್ಲಿ ಪಕ್ಕದ ಮೊಜಾಂಬಿಕ್ ಜೊತೆ ಭಾರತ ತೊಗರಿ ಒಪ್ಪಂದ ಮಾಡಿಕೊಂಡಿತು. ಈ ಭಾಗದಲ್ಲೆಲ್ಲ ಒಂದೇ ಮಾತು: ತೊಗರಿ ಬೆಳೆಯಿರಿ, ಇಂಡಿಯಾ ಎಷ್ಟಿದ್ದರೂ ತಗೊಳ್ಳುತ್ತೆ. ಮಲಾವಿ ಸರ್ಕಾರದ ಸಬ್ಸಿಡಿಯಲ್ಲೂ ಗೊಬ್ಬರದ ಜೊತೆ ಬೇಳೆಕಾಳಿನ ಬೀಜ ಇತ್ತು. ಯೋಜನೆಗಳು ಬೀಜ ಹಂಚಿದವು, ಎಷ್ಟು ಕಿಲೋ ಹಂಚಿದೆವು, ಎಷ್ಟು ಹೆಕ್ಟೇರ್ ಬಿತ್ತನೆ ಆಯಿತು ಅಂತ ಲೆಕ್ಕ ಬರೆದವು. ಯಾರಿಗೆ ಮಾರುತ್ತಾರೆ ಅನ್ನುವುದಕ್ಕೆ ಆ ವರದಿಯಲ್ಲಿ ಕಾಲಮ್ಮೇ ಇರಲಿಲ್ಲ.

2017ರ ಆಗಸ್ಟ್ 5ರಂದು ದೆಹಲಿಯಿಂದ ಅಧಿಸೂಚನೆ ಬಂತು. ವರ್ಷಕ್ಕೆ ಎರಡು ಲಕ್ಷ ಟನ್ ತೊಗರಿ ಮಾತ್ರ ಆಮದು. ಸರ್ಕಾರಗಳ ನಡುವೆ ಒಪ್ಪಂದ ಇದ್ದರೆ ವಿನಾಯಿತಿ. ಮೊಜಾಂಬಿಕ್‌ಗೆ ಒಪ್ಪಂದ ಇತ್ತು, ಮಲಾವಿಗೆ ಇರಲಿಲ್ಲ. ಆಗಸ್ಟ್ ಅಂದರೆ ಇಲ್ಲಿ ಕೊಯ್ಲಿನ ನಟ್ಟನಡುವೆ. ಬೆಲೆ ನೆಲ ಕಚ್ಚಿತು. ಸರ್ಕಾರ ಕನಿಷ್ಠ ಬೆಲೆ ಘೋಷಿಸಿತ್ತು, ಆದರೆ ಊರೂರು ಸುತ್ತಿ ಕೊಳ್ಳುವ ವ್ಯಾಪಾರಿಗಳು ಆ ಬೆಲೆಗೆ ಕೊಳ್ಳಲಿಲ್ಲ. ಅವರದೇ ಸರಕು ಗೋದಾಮಿನಲ್ಲಿ ಕೂತಿತ್ತು, ಅವರಾದರೂ ಏನು ಮಾಡಿಯಾರು? ಒಂದು ಊರಿನ ಸಭೆಯಲ್ಲಿ ವಯಸ್ಸಾದ ರೈತ ಮಹಿಳೆಯೊಬ್ಬರು ಎದ್ದು ನಿಂತರು. "ಬಾಂಬೋ, ಬೆಳೆಯಿರಿ ಅಂದವರು ನೀವು, ಕೊಳ್ಳದೆ ಇರುವವರು ನಿಮ್ಮ ದೇಶದವರು, ಈಗ ನಾನು ಯಾರನ್ನು ಕೇಳಲಿ?" ಇಲ್ಲಿ ಗಂಡಸರನ್ನು ಮರ್ಯಾದೆಯಿಂದ ಕರೆಯುವುದು ಹಾಗೆಯೇ, ಬಾಂಬೋ ಅಂತ. ಮರ್ಯಾದೆ ಬಿಡದೆ ಕೇಳಿದರು, ಅದಕ್ಕೇ ಜಾಸ್ತಿ ನಾಟಿತು.

ಹಾಗಂತ ದೆಹಲಿಯನ್ನು ಸುಮ್ನೆ ಬೈಯಲು ನನಗೆ ಮನಸ್ಸಿಲ್ಲ. ಅದೇ ವರ್ಷದ ಶುರುವಿನಲ್ಲಿ ಕಲಬುರಗಿಯಲ್ಲಿ ದಾಖಲೆ ಬೆಳೆ ಬಂದಿತ್ತು. ಬೋನಸ್ ಸೇರಿ ಕ್ವಿಂಟಲ್‌ಗೆ 5,050 ರೂಪಾಯಿ ಬೆಂಬಲ ಬೆಲೆ ಇದ್ದರೂ ಖರೀದಿ ಕೇಂದ್ರದ ಮುಂದೆ ಟ್ರ್ಯಾಕ್ಟರ್ ಸಾಲು ಕರಗದೆ, ಎಷ್ಟೋ ಜನ ಅಡತಿಯಲ್ಲಿ ಸಿಕ್ಕ ಬೆಲೆಗೆ ಕೊಟ್ಟು ಬಂದರು. ಆಮದು ನಿಲ್ಲಿಸಿ ಅಂತ ಕೇಳಿದ್ದು ಅವರೇ, ಕೇಳುವ ಹಕ್ಕೂ ಅವರಿಗಿತ್ತು. ಭಾರತ ತನ್ನ ರೈತರನ್ನು ನೋಡಿಕೊಂಡಿತು. ಇಲ್ಲಿಯ ರೈತರ ಪರವಾಗಿ ಮುಂದಿನದನ್ನು ಯೋಚಿಸಬೇಕಾದವರು ಇಲ್ಲಿದ್ದವರು. ಅದು ಆಗಲಿಲ್ಲ.

ಯಾಕೆ ಆಗಲಿಲ್ಲ ಅಂದರೆ, ನನಗೆ ಕಾಣುವುದು ಇಷ್ಟು. 2003ರಲ್ಲಿ ಮೊಜಾಂಬಿಕ್‌ನ ರಾಜಧಾನಿ ಮಾಪುಟೊದಲ್ಲಿ ಆಫ್ರಿಕಾದ ನಾಯಕರು ಬಜೆಟ್‌ನ ಶೇ. 10ರಷ್ಟನ್ನು ಕೃಷಿಗೆ ಕೊಡುತ್ತೇವೆ ಅಂತ ಮಾತು ಕೊಟ್ಟರು. ಹಲವು ದೇಶಗಳು ಮುಟ್ಟಲಿಲ್ಲ, ಮಲಾವಿ ಹಲವು ವರ್ಷ ಮುಟ್ಟಿತು. ಆದರೆ ಆ ದುಡ್ಡಿನ ದೊಡ್ಡ ಪಾಲು ಹೋಗಿದ್ದು 2005ರಲ್ಲಿ ಶುರುವಾದ, ಕಡಿಮೆ ಬೆಲೆಗೆ ಗೊಬ್ಬರ ಕೊಡಿಸುವ ಕೂಪನ್‌ಗೆ, ಅದೂ ಬಹುತೇಕ ಮೆಕ್ಕೆಜೋಳಕ್ಕೆ. ಬರದಲ್ಲಿ ಲಕ್ಷಾಂತರ ಜನ ಹಸಿದಿದ್ದ ದೇಶ ಅದು, ಕೂಪನ್ ಬೇಡವಾಗಿತ್ತು ಅನ್ನಲು ನನಗೆ ಬಾಯಿ ಬರುವುದಿಲ್ಲ. ಉಳಿದ ಚೂರಿನಲ್ಲಿ ರಸ್ತೆ, ಗೋದಾಮು, ಮಾರುಕಟ್ಟೆ ಮಾಹಿತಿ, ಹಳ್ಳಿಗೆ ಹೋಗುವ ಕೃಷಿ ಸಹಾಯಕನ ಬೈಕಿಗೆ ಪೆಟ್ರೋಲು, ಎಲ್ಲ ಆಗಬೇಕಿತ್ತು. 2014ರಲ್ಲಿ ಆಫ್ರಿಕಾದ ನಾಯಕರು ಆ ಮಾತನ್ನು ಮತ್ತೆ ಕೊಟ್ಟ ಮಲಾಬೊ ಘೋಷಣೆಯಾದ ಮೇಲೆ ಎರಡು ವರ್ಷಕ್ಕೊಮ್ಮೆ ದೇಶಗಳಿಗೆ ಅಂಕ ಕೊಡುವ ಪದ್ಧತಿ ಬಂತು. 2024ರಲ್ಲಿ ಬಂದ ನಾಲ್ಕನೇ ಸುತ್ತಿನಲ್ಲಿ ಒಂದು ದೇಶವೂ ಎಲ್ಲ ಗುರಿಗಳನ್ನು ಮುಟ್ಟುವ ದಾರಿಯಲ್ಲಿ ಇರಲಿಲ್ಲ. ಎಷ್ಟು ಖರ್ಚು ಅನ್ನುವುದರ ಜೊತೆ ಯಾವುದಕ್ಕೆ ಖರ್ಚು ಅಂತಲೂ ಅಷ್ಟೇ ಗಟ್ಟಿಯಾಗಿ ಕೇಳುವವರು ಬೇಕು.

ಹಾಗೆ ಕೇಳುವವರನ್ನು ನಾನು ಕಂಡದ್ದು ಜಿಲ್ಲಾ ಮಟ್ಟದಲ್ಲಿ. ನಾನು ಜೊತೆಯಲ್ಲಿ ಕೆಲಸ ಮಾಡುವ ಒಬ್ಬ ಕೃಷಿ ಅಧಿಕಾರಿ ಬೀಜದ ಪಟ್ಟಿಗೆ ಸಹಿ ಹಾಕುವ ಮುಂಚೆ ಊರಿನ ಮುಖ್ಯಸ್ಥರು, ವ್ಯಾಪಾರಿಗಳು, ಬ್ಲಾಂಟೈರ್ ನಗರದ ಲಿಂಬೆ ಅನ್ನುವ ಭಾಗದ ಬೇಳೆ ಮಿಲ್ಲಿನವರು ಎಲ್ಲರನ್ನೂ ಒಂದೇ ಕೋಣೆಯಲ್ಲಿ ಕೂರಿಸುತ್ತಾರೆ. ಈ ವರ್ಷ ಎಷ್ಟು ಕೊಳ್ಳುತ್ತೀರಿ, ಯಾವ ಕಾಳು ಬೇಕು ಅಂತ ನೇರವಾಗಿ ಕೇಳುತ್ತಾರೆ. ಉತ್ತರ ಸಿಗದಿದ್ದರೆ ಪಟ್ಟಿ ಅಲ್ಲೇ ನಿಲ್ಲುತ್ತದೆ. ಮೇಲಿನಿಂದ ಒತ್ತಡ ಬಂದರೂ ಅವರು ಜಗ್ಗುವುದಿಲ್ಲ. ಮುಂದಾಳತ್ವ ಅಂದರೆ ನನ್ನ ಕಣ್ಣ ಮುಂದೆ ಬರುವುದು ಅವರೇ.

ನಮ್ಮ ಪಾಲಿನ ಕೆಲಸವೂ ಬದಲಾಗಿದೆ. ಕರ್ನಾಟಕ, ಮಹಾರಾಷ್ಟ್ರದ ಮುಂಗಾರು ಬಿತ್ತನೆಯ ಅಂಕಿಗಳನ್ನು ಪ್ರತಿವರ್ಷ ಗಮನಿಸುತ್ತೇವೆ. ಸೆಪ್ಟೆಂಬರ್ ಹೊತ್ತಿಗೆ ಅಲ್ಲಿ ಎಷ್ಟು ತೊಗರಿ ಬಿತ್ತನೆಯಾಗಿದೆ ಅಂತ ಗೊತ್ತಾಗುತ್ತದೆ, ಇಲ್ಲಿ ಬಿತ್ತುವುದು ನವೆಂಬರ್‌ನಲ್ಲಿ. ರೈತರಿಗೆ ಹೇಳಲು ನಡುವೆ ಟೈಮ್ ಇದೆ! ಇನ್ನೊಂದು ಅನುಕೂಲ, ಕಲಬುರಗಿಯ ಹೊಸ ಬೆಳೆ ಬರುವ ಮುಂಚೆ, ದಾಸ್ತಾನು ಕರಗುವ ಹೊತ್ತಿಗೆ ಮಲಾವಿಯ ಕಾಳು ಹೋಗುತ್ತದೆ. ಇದನ್ನು ಲೆಕ್ಕ ಹಾಕಿ ಮಾರಿದರೆ ಎರಡೂ ಕಡೆಯ ರೈತರು ಒಬ್ಬರ ಕಾಲು ಒಬ್ಬರು ತುಳಿಯಬೇಕಾಗಿಲ್ಲ. ಗಾಳಿಯಾಡದ ಮೂರು ಪದರದ ಚೀಲ ಇದ್ದರೆ ಕಾಳಿಗೆ ಹುಳ ಬೀಳುವುದಿಲ್ಲ, ಬೆಲೆ ಬಿದ್ದ ತಿಂಗಳು ತಡೆದುಕೊಳ್ಳಬಹುದು.

2021ರಲ್ಲಿ ಮಲಾವಿ ಜೊತೆಗೂ ಭಾರತ ಒಪ್ಪಂದ ಮಾಡಿಕೊಂಡಿತು. 2025-26ರವರೆಗೆ ವರ್ಷಕ್ಕೆ 50,000 ಟನ್. ಒಳ್ಳೆಯದೇ, ಆದರೆ ಒಬ್ಬನೇ ಗಿರಾಕಿಯನ್ನು ನಂಬಿ ಕೂರುವ ಕಾಲ ಮುಗಿಯಿತು. 2025ರ ಜನವರಿಯಲ್ಲಿ ಆಫ್ರಿಕಾದ ನಾಯಕರು ಮಾಡಿದ ಕಂಪಾಲಾ ಘೋಷಣೆಯಲ್ಲಿ 2035ರೊಳಗೆ ಆಫ್ರಿಕಾದ ದೇಶಗಳ ನಡುವಿನ ಆಹಾರ ವ್ಯಾಪಾರವನ್ನು ಮೂರು ಪಟ್ಟು ಮಾಡುವ ಗುರಿ ಇದೆ. ಅದಕ್ಕೆ ಬೇಳೆ ಮಾಡುವ ಕೆಲಸ ಹಳ್ಳಿಯ ಹತ್ತಿರ ಬರಬೇಕು.

ಕಲಬುರಗಿಯ ದಾಲ್ ಮಿಲ್ಲಿನವರು ಯಾರಾದರೂ ಇದನ್ನು ಓದುತ್ತಿದ್ದರೆ ಒಂದು ಕೇಳಿಕೆ. ಕರೆಂಟು ಹೋಗಿ ಬಂದು ಮಾಡುವ ಜಾಗದಲ್ಲಿ, ರೈತರ ಗುಂಪೊಂದು ನಡೆಸಬಹುದಾದ, ರಿಪೇರಿ ಸುಲಭ ಇರುವ ಸಣ್ಣ ಬೇಳೆ ಯಂತ್ರ ಯಾವುದು? ಡೀಸೆಲ್ಲಿನಲ್ಲಿ ಓಡುವುದಾದರೂ ಆದೀತು. ಬಳಸಿ ನೋಡಿದವರು ದಯವಿಟ್ಟು ತಿಳಿಸಿ, ಮುಂದಿನ ಕೊಯ್ಲಿನ ಮೊದಲು ಇಲ್ಲಿ ಒಂದಾದರೂ ಕೂರಿಸಬೇಕು ಅಂತಿದ್ದೇವೆ.