ಇನ್ನೂ ಅದನ್ನೇ ಹಿಡಿದುಕೊಂಡಿದ್ದೀಯಾ?

ಪ್ರಶ್ನೆ ಇಷ್ಟೇ: "ಒಂದು ಕಾಲೇಜೂ ಸೀಟು ಕೊಡಲಿಲ್ಲವಲ್ಲ, ಇನ್ನೂ ಇನ್ವೆಸ್ಟ್‌ಮೆಂಟ್ ಬ್ಯಾಂಕಿಂಗ್ ಎಂದೇ ಕೂತಿದ್ದೀಯಾ?" ಬಾಯಲ್ಲಿ ಹೇಳಿ ಹೇಳಿ ಸಾಕಾಗಿದೆ. ಬರೆದಿಡುತ್ತೇನೆ, ಇನ್ನು ಮುಂದೆ ಕೇಳಿದವರಿಗೆ ಇದನ್ನೇ ಕಳುಹಿಸುತ್ತೇನೆ.

ಹೌದು, ಕೂತಿದ್ದೇನೆ, ಕಂಪನಿಗಳಿಗೆ ಬಂಡವಾಳ ಎತ್ತಿಕೊಡುವ, ಕಂಪನಿ ಕೊಳ್ಳುವ-ಮಾರುವ ವ್ಯವಹಾರ ಕುದುರಿಸುವ ಆ ಕೆಲಸಕ್ಕಾಗಿಯೇ. ಏಳು ಬಿಸಿನೆಸ್ ಸ್ಕೂಲುಗಳಿಗೆ ಅರ್ಜಿ ಹಾಕಿದ್ದೆ, ಏಳೂ ಬೇಡವೆಂದವು. ಆರು ಇ-ಮೇಲ್‌ಗಳು ಒಂದೇ ಅಚ್ಚಿನಲ್ಲಿ ಎರಕ ಹೊಯ್ದಂತಿದ್ದವು: ಈ ವರ್ಷ ಅಸಾಧಾರಣ ಪ್ರತಿಭಾವಂತರ ಅರ್ಜಿಗಳು ಬಂದಿದ್ದವಂತೆ. ನನ್ನದೂ ಅವುಗಳಲ್ಲಿ ಸೇರಿತ್ತೋ ಇಲ್ಲವೋ ಹೇಳಿರಲಿಲ್ಲ. ಏಳನೆಯದರಲ್ಲಿ ನನ್ನ ಹೆಸರೇ ತಪ್ಪಾಗಿತ್ತು. ಬೇಡವೆಂದದ್ದು ಬೇರೆ ಯಾರಿಗೋ ಇರಬೇಕು ಎಂದುಕೊಂಡು ಆ ದಿನ ಮಧ್ಯಾಹ್ನದವರೆಗೆ ಖುಷಿಯಾಗಿದ್ದೆ.

ನನಗೆ ಉರಿಯುವುದು 'ಇನ್ನೂ' ಎಂಬ ಆ ಪದಕ್ಕೆ. ಜ್ವರ ಇನ್ನೂ ಬಿಟ್ಟಿಲ್ಲವೇ ಎಂದು ವಿಚಾರಿಸುವ ಧಾಟಿ ಅದು. ಸಮಾಧಾನ ಹೇಳುವವರು ಇನ್ನೊಂದು ಬಗೆ: "ವಾರನ್ ಬಫೆಟ್‌ಗೂ ಹಾರ್ವರ್ಡ್ ಸೀಟು ಕೊಡಲಿಲ್ಲ, ಗೊತ್ತೇ?" ಗೊತ್ತು. 1950ರಲ್ಲಿ. ಮುಂದೆ ಹೂಡಿಕೆಯಲ್ಲಿ ಲೋಕಪ್ರಸಿದ್ಧನಾದ ಆ ಮನುಷ್ಯ ಅದೇ ವರ್ಷ ಸೇರಿದ್ದು ಕೊಲಂಬಿಯಾ ವಿಶ್ವವಿದ್ಯಾಲಯಕ್ಕೆ, ಅಲ್ಲಿ ಪಾಠ ಹೇಳಿದ್ದು ಹೂಡಿಕೆ ವಿದ್ಯೆಯ ಗುರು ಬೆಂಜಮಿನ್ ಗ್ರಹಾಂ. ತಂದೆ ಷೇರು ದಲ್ಲಾಳಿ, ಅಮೆರಿಕದ ಸಂಸತ್ತಿನಲ್ಲಿ ಕೂತು ಬಂದವರು. ನನ್ನ ಪಾಲಿಗೆ ಬಂದಿರುವುದು ಹಾರ್ವರ್ಡ್ ಭಾಗ ಮಾತ್ರ; ಕೊಲಂಬಿಯಾ ಭಾಗವನ್ನು ಯಾರಾದರೂ ಕಳುಹಿಸಿಕೊಟ್ಟರೆ ಆಭಾರಿ.

ಕಾಲೇಜಿನ ಹೆಸರಿನಲ್ಲೇನಿದೆ ಎನ್ನುವವರನ್ನೂ ನಾನು ನಂಬುವುದಿಲ್ಲ. ಇದೆ. ದೊಡ್ಡ ಬ್ಯಾಂಕುಗಳು ಇಂಟರ್ನ್‌ಗಳನ್ನು ಹುಡುಕಿಕೊಂಡು ಹೋಗುವುದು ಆಯ್ದ ಕೆಲವು ಕ್ಯಾಂಪಸ್‌ಗಳಿಗೆ. ಮುಂದೆ ಕೆಲಸ ಸಿಗುವುದೂ ಬಹುಪಾಲು ಆ ಇಂಟರ್ನ್‌ಗಳಿಗೇ. ಉಳಿದವರು ಗುರುತಿಲ್ಲದವರಿಗೆಲ್ಲ ಇ-ಮೇಲ್ ಬರೆಯಬೇಕು, ಸಣ್ಣ ಸಂಸ್ಥೆಯಲ್ಲೋ ಲೆಕ್ಕಪರಿಶೋಧನೆಯಲ್ಲೋ ಸೇರಿ ಪಕ್ಕದ ಬಾಗಿಲಿನಿಂದ ನುಸುಳಬೇಕು. ನಾನು ಬರೆಯುತ್ತಿದ್ದೇನೆ, ಉತ್ತರ ಬರುವುದು ಅಪರೂಪ. ಜೊತೆಗೆ ಸಿಎಫ್‌ಎ ಓದು, ಅಂದರೆ ಹೂಡಿಕೆ ವಿಶ್ಲೇಷಕರಾಗುವವರು ಬರೆಯುವ ಅಂತರರಾಷ್ಟ್ರೀಯ ಪರೀಕ್ಷೆಯದು. 2021ರ ಜುಲೈಯಲ್ಲಿ ಅದರ ಮೊದಲ ಹಂತ ದಾಟಿದವರು ನೂರಕ್ಕೆ 22 ಮಂದಿ. ಆದರೂ ಆ ಪರೀಕ್ಷೆಯ ಮೇಲೆ ನನಗೆ ಮುನಿಸಿಲ್ಲ. ನಪಾಸಾದರೆ ಯಾವ ವಿಷಯದಲ್ಲಿ ಎಡವಿದೆ ಎಂದಾದರೂ ತೋರಿಸುತ್ತದೆ.

ಆ ಕೆಲಸದಲ್ಲಿ ನಿನಗೆ ಹಿಡಿಸಿದ್ದೇನು ಎಂದು ಮಾತ್ರ ಯಾರೂ ಕೇಳಿಲ್ಲ. ಕೇಳಿದ್ದರೆ ಕಳೆದ ಭಾನುವಾರ ರಾತ್ರಿಯ ಕಥೆ ಹೇಳುತ್ತಿದ್ದೆ. ಎಕ್ಸೆಲ್‌ನಲ್ಲಿ ಒಂದು ಕಂಪನಿಯ ಲಾಭ-ನಷ್ಟ, ಆಸ್ತಿ-ಹೊಣೆ, ನಗದು ಹರಿವು ಮೂರನ್ನೂ ಒಂದಕ್ಕೊಂದು ಜೋಡಿಸುತ್ತಿದ್ದೆ. ಆಸ್ತಿ-ಹೊಣೆ ಪಟ್ಟಿಯ ಎರಡು ಬದಿ ತಾಳೆಯಾಗಲಿಲ್ಲ, ವ್ಯತ್ಯಾಸ 84. ಎರಡು ಗಂಟೆ ಸಾಲು ಸಾಲಾಗಿ ತಡಕಿದೆ, 84 ಎಂಬ ಸಂಖ್ಯೆ ಎಲ್ಲೂ ಇಲ್ಲ. ಕೊನೆಗೆ ಅದನ್ನು ಅರ್ಧ ಮಾಡಿ ನೋಡಿದೆ: 42. ಸವಕಳಿಯ ಮೊತ್ತ! ಯಂತ್ರ, ಕಟ್ಟಡಗಳು ಸವೆದಷ್ಟಕ್ಕೆ ವರ್ಷ ವರ್ಷ ಬರೆದುಕೊಳ್ಳುವ ಖರ್ಚು ಅದು. ಲೆಕ್ಕದಲ್ಲಿ ಅದು ಲಾಭವನ್ನು ತಗ್ಗಿಸುತ್ತದೆ, ಆದರೆ ಪೆಟ್ಟಿಗೆಯಿಂದ ದುಡ್ಡು ಹೊರಗೆ ಹೋಗಿರುವುದಿಲ್ಲ. ಹಾಗಾಗಿ ನಗದು ಹರಿವಿನಲ್ಲಿ ಮರಳಿ ಕೂಡಬೇಕು. ನಾನು ಕಳೆದಿದ್ದೆ, ತಪ್ಪು ಇಮ್ಮಡಿಯಾಗಿತ್ತು. ಒಂದು ಮೈನಸ್ ಅಳಿಸಿದೆ. ಕೆಳಗಿನ ಚೌಕದಲ್ಲಿ ಸೊನ್ನೆ ಬಂದು ಕೂತಿತು.

ಕುರ್ಚಿಯಿಂದ ಎದ್ದೇ ಬಿಟ್ಟೆ. ಅಕ್ಕನನ್ನು ಕರೆದು ತೋರಿಸಿದೆ. ಅವಳು ಪರದೆಯನ್ನೂ ನನ್ನನ್ನೂ ನೋಡಿ, "ಇಷ್ಟು ಹೊತ್ತು ಕೂತು ಸಂಪಾದಿಸಿದ್ದು ಸೊನ್ನೆಯಾ?" ಎಂದಳು.