‘ಡ್ಯಾನ್ಸ್ ನೇಷನ್’ ಆಡಿಷನ್‌ಗೆ ಹೋಗುವ ಮುನ್ನ

ಅಮೆರಿಕದ ಕ್ಲೇರ್ ಬ್ಯಾರನ್ ಬರೆದ ‘ಡ್ಯಾನ್ಸ್ ನೇಷನ್’ ನಾಟಕ 2018ರಲ್ಲಿ ನ್ಯೂಯಾರ್ಕಿನ ಪ್ಲೇರೈಟ್ಸ್ ಹೊರೈಜನ್ಸ್ ರಂಗಮಂದಿರದಲ್ಲಿ ನಡೆಯಿತು, ಅದೇ ವರ್ಷ ಲಂಡನ್ನಿನ ಆಲ್ಮೀಡಾ ರಂಗಮಂದಿರದಲ್ಲೂ ಆಡಿದರು. ನಾಟಕಕ್ಕೆ ಕೊಡುವ 2019ರ ಪುಲಿಟ್ಜರ್ ಪ್ರಶಸ್ತಿಯ ಅಂತಿಮ ಪಟ್ಟಿಯಲ್ಲಿತ್ತು. ಅಮೆರಿಕದ ಕಾಲೇಜು ರಂಗವಿಭಾಗಗಳಿಗೂ ಈ ನಾಟಕ ಒಗ್ಗುತ್ತದೆ. ಹುಡುಗಿಯರ ಪಾತ್ರಗಳು ಹೆಚ್ಚು, ಒಬ್ಬರೇ ನಾಯಕಿಯ ಸುತ್ತ ಉಳಿದವರು ನಿಂತಿರುವ ಕಥೆಯೂ ಅಲ್ಲ. ಅಲ್ಲಿ ಓದುತ್ತಿರುವ ಕನ್ನಡದ ಮಕ್ಕಳಲ್ಲಿ ಚಿಕ್ಕಂದಿನಿಂದ ಭರತನಾಟ್ಯ ಕಲಿತವರು ಬೇಕಾದಷ್ಟಿದ್ದಾರೆ. ಆಡಿಷನ್ ಅಂದರೆ ನಟರ ಆಯ್ಕೆಯ ನೋಟಿಸಿನಲ್ಲಿ ಡ್ಯಾನ್ಸ್ ಎಂಬ ಮಾತು ಕಂಡು ಹುರುಪಿನಿಂದ ಹೆಸರು ಬರೆಸುವವರಿಗೂ, ಅದೇ ಮಾತು ಕಂಡು ಹಿಂದೆ ಸರಿಯುವವರಿಗೂ ಈ ಬರಹ.

ಮೊದಲ ಕೆಲಸ, ಇಡೀ ನಾಟಕ ಓದುವುದು. ರಂಗವಿಭಾಗದ ಕಚೇರಿಯಲ್ಲೋ ಲೈಬ್ರರಿಯಲ್ಲೋ ಕೇಳಿದರೆ ಪ್ರತಿ ಸಿಗುತ್ತದೆ. ಕಥೆ ಒಹಾಯೊ ರಾಜ್ಯದ ಲಿವರ್‌ಪೂಲ್ ಎಂಬ ಊರಿನ ನೃತ್ಯತಂಡದ್ದು. ಹದಿಮೂರರ ಆಸುಪಾಸಿನ ಹುಡುಗಿಯರು, ಜೊತೆಗೆ ಲ್ಯೂಕ್ ಎಂಬ ಒಬ್ಬನೇ ಹುಡುಗ. ಫ್ಲೋರಿಡಾದ ಟ್ಯಾಂಪಾ ಬೇಯಲ್ಲಿ ನಡೆಯುವ ರಾಷ್ಟ್ರಮಟ್ಟದ ಸ್ಪರ್ಧೆಯೇ ಅವರ ಗುರಿ. ಅದಕ್ಕಾಗಿ ಮೇಷ್ಟ್ರು ಪ್ಯಾಟ್ ಕಟ್ಟುವ ನೃತ್ಯದ ವಸ್ತು ಮಹಾತ್ಮ ಗಾಂಧಿ! ಅದರಲ್ಲಿ ಮುಖ್ಯ ಭಾಗ ಯಾರಿಗೆ ಎಂಬುದರ ಸುತ್ತಲೇ ಅಮೀನಾ ಮತ್ತು ಜೂಜೂ ಎಂಬ ಗೆಳತಿಯರ ನಡುವಿನ ನೋವು ಬೆಳೆಯುತ್ತದೆ. ಅಮೀನಾಗೆ ಪ್ರತಿಭೆ ತಾನಾಗಿ ಬಂದಿದೆ. ಜೂಜೂ ಎಷ್ಟು ಬೆವರು ಸುರಿಸಿದರೂ ಅಲ್ಲಿಗೆ ತಲುಪಲಾರಳು, ಮತ್ತು ಅದು ಅವಳಿಗೇ ಗೊತ್ತು. ಇಬ್ಬರಲ್ಲಿ ಯಾರ ಸಾಲುಗಳನ್ನು ಓದಲು ಕೊಟ್ಟರೂ ಈ ಒಂದು ಸಂಗತಿ ತಲೆಯಲ್ಲಿರಬೇಕು.

ಇನ್ನೊಂದು ಸಂಗತಿ ಇದಕ್ಕಿಂತ ಮುಖ್ಯ. ಈ ಮಕ್ಕಳ ಪಾತ್ರಗಳನ್ನು ಬೇರೆಬೇರೆ ವಯಸ್ಸಿನ ದೊಡ್ಡವರು ಆಡಲಿ ಎಂದೇ ನಾಟಕ ಬರೆದದ್ದು. ಹಾಗಾಗಿ ಮಕ್ಕಳಂತೆ ಕಾಣುವ ನಟರನ್ನು ನಿರ್ದೇಶಕರು ಹುಡುಕುತ್ತಿರುವುದಿಲ್ಲ. ಆಡಿಷನ್ ಕೋಣೆಯಲ್ಲಿ ಅತಿ ಹೆಚ್ಚು ಕೆಡುವುದು ಇಲ್ಲೇ. ಧ್ವನಿ ತೆಳ್ಳಗೆ ಮಾಡುವುದು, ಕೂದಲ ತುದಿ ಸುತ್ತುವುದು, ಪಾದದ ಬೆರಳುಗಳನ್ನು ಒಳಕ್ಕೆ ತಿರುಗಿಸಿ ನಿಲ್ಲುವುದು, ಪ್ರತಿ ಸಾಲಿನ ಕೊನೆಗೊಂದು ಕಿಲಕಿಲ. ಹತ್ತೊಂಬತ್ತರ ವಯಸ್ಸಿಗೆ ಹದಿಮೂರು ತೀರಾ ಹತ್ತಿರದ್ದು, ಅದನ್ನು ಅಣಕಿಸುವ ಆಸೆ ಸಹಜ. ಆದರೆ ಹದಿಮೂರರ ಹುಡುಗಿ ತನ್ನನ್ನು ಚಿಕ್ಕವಳು ಎಂದುಕೊಂಡಿರುವುದಿಲ್ಲ. ಈ ಸ್ಪರ್ಧೆ ಗೆಲ್ಲದಿದ್ದರೆ ಬದುಕೇ ಮುಗಿಯಿತು ಎಂದು ಅವಳು ನಿಜವಾಗಿ ನಂಬಿದ್ದಾಳೆ. ನಿಮ್ಮ ಸ್ವಂತ ಧ್ವನಿಯಲ್ಲೇ ಮಾತಾಡಿ, ಆ ನಂಬಿಕೆಯನ್ನು ಮಾತ್ರ ಪೂರ್ತಿಯಾಗಿ ಹೊತ್ತುಕೊಳ್ಳಿ. ವಯಸ್ಸು ಕಾಣಬೇಕಾದದ್ದು ಮನಸ್ಸು ತಿರುಗುವ ವೇಗದಲ್ಲಿ: ಅಳು, ಅದರ ಬೆನ್ನಿಗೇ ತಿಂಡಿಯ ಮಾತು, ಮತ್ತೆ ಅಳು. ನಡುವೆ ಸೇತುವೆ ಕಟ್ಟಲು ಹೋಗಬೇಡಿ.

ಮೊನೊಲಾಗ್, ಅಂದರೆ ಒಬ್ಬರೇ ಆಡುವ ಮಾತಿನ ಭಾಗ, ಕೇಳಿದ್ದರೆ ಸಾಮಾನ್ಯವಾಗಿ ಒಂದರಿಂದ ಎರಡು ನಿಮಿಷ. ಒಂದೂಕಾಲು ನಿಮಿಷದ್ದನ್ನು ಸಿದ್ಧ ಮಾಡಿಕೊಳ್ಳಿ. ಗಾಬರಿಯಲ್ಲಿ ಕೆಲವರಿಗೆ ವೇಗ ಏರುತ್ತದೆ, ಕೆಲವರಿಗೆ ಇಳಿಯುತ್ತದೆ, ಎರಡಕ್ಕೂ ಜಾಗ ಬೇಕು. ಕೇಳದ ಹೊರತು ಇದೇ ನಾಟಕದ ಮಾತನ್ನು ತರಬೇಡಿ. ನೆನಪು ಹೇಳಿಕೊಳ್ಳುವ ಭಾಗಕ್ಕಿಂತ, ಎದುರಿಗಿರುವ ವ್ಯಕ್ತಿಯಿಂದ ಏನನ್ನೋ ಪಡೆಯಲು ಹೋರಾಡುವ ಭಾಗ ಆರಿಸಿ. ಆ ಎದುರಿನ ವ್ಯಕ್ತಿಯನ್ನು ಆಯ್ಕೆಗಾರರ ತಲೆಗಿಂತ ಸ್ವಲ್ಪ ಮೇಲೆ, ಗೋಡೆಯ ಮೇಲೊಂದು ಬಿಂದುವಿನಲ್ಲಿ ನಿಲ್ಲಿಸಿಕೊಳ್ಳಿ. ಆಯ್ಕೆಗಾರರ ಕಣ್ಣನ್ನೇ ದಿಟ್ಟಿಸಿದರೆ ಅವರಿಗೆ ಬರೆದುಕೊಳ್ಳಲು ಆಗುವುದಿಲ್ಲ, ಮುಜುಗರವೂ ಆಗುತ್ತದೆ. ಹೆಸರು, ನಾಟಕದ ಹೆಸರು, ಒಂದು ಉಸಿರು, ಶುರು. ಅಮೆರಿಕನ್ ಉಚ್ಚಾರವನ್ನು ಎರವಲು ತರುವ ಅಗತ್ಯವಿಲ್ಲ. ಪದದ ಕೊನೆಯ ವ್ಯಂಜನ ನುಂಗದೆ ಹೇಳಿದರೆ ಸಾಕು.

ಇನ್ನು ಕುಣಿತದ ಭಾಗ. ಜನ ಹೆಚ್ಚು ಹೆದರುವುದು ಇದಕ್ಕೇ, ತಪ್ಪು ತಿಳಿಯುವುದೂ ಇದನ್ನೇ. ಹತ್ತು ನಿಮಿಷ ಮೈ ಬಿಸಿ ಮಾಡಿಸಿ, ಎಂಟರ ಎಣಿಕೆಯ ನಾಲ್ಕು ಅಥವಾ ಎಂಟು ಆವರ್ತದ ಒಂದು ಕಾಂಬಿನೇಶನ್ (ಹೆಜ್ಜೆಗಳ ಜೋಡಣೆ) ಕಲಿಸುತ್ತಾರೆ, ಅಂದರೆ 32 ಅಥವಾ 64 ಎಣಿಕೆ. ಹದಿನೈದಿಪ್ಪತ್ತು ನಿಮಿಷ ಕಲಿತ ಮೇಲೆ ಮೂರು ನಾಲ್ಕು ಜನರ ಗುಂಪಿನಲ್ಲಿ ಮಾಡಿ ತೋರಿಸಬೇಕು. ನಡುವೆ ಸಾಲು ಬದಲಿಸುತ್ತಾರೆ. ಹಿಂದಿದ್ದವರು ಮುಂದೆ ಬರಬೇಕು. ಮುಂದಿನವರನ್ನು ನೋಡಿ ನೋಡಿಯೇ ಕಲಿತವರು ಆಗ ಪೂರ್ತಿ ಖಾಲಿ. ಆದ್ದರಿಂದ ಮೊದಲ ಸಲದಿಂದಲೇ ಎಣಿಕೆಯನ್ನು ಬಾಯಲ್ಲಿ ಹೇಳಿಕೊಳ್ಳುತ್ತಾ ಕಲಿಯಿರಿ, ಕೈಗಿಂತ ಮುಂಚೆ ಕಾಲು. ಮೈಯ ಭಾರ ಯಾವ ಕಾಲಿನ ಮೇಲಿದೆ ಎಂಬುದು ತಿಳಿದರೆ ಮುಂದಿನ ಹೆಜ್ಜೆ ತಾನಾಗಿ ಬರುತ್ತದೆ.

ಭರತನಾಟ್ಯದವರಿಗೆ ತಾಳ ಕಷ್ಟವಾಗದು. ಆದಿತಾಳದ ಎಂಟು ಅಕ್ಷರ ಮೈಯಲ್ಲಿದ್ದರೆ ಇವರ ಎಂಟರ ಎಣಿಕೆ ಸರಾಗ. ಎಡವಟ್ಟಾಗುವುದು ಬೇರೆ ಕಡೆ. ಜಾಝ್ ಮತ್ತು ಲಿರಿಕಲ್ ಎಂಬ ಪಾಶ್ಚಾತ್ಯ ನೃತ್ಯಶೈಲಿಗಳಲ್ಲಿ ಎಷ್ಟೋ ಹೆಜ್ಜೆಗಳಿಗೆ ಪಾದಗಳು ಸಮಾನಾಂತರವಾಗಿರಬೇಕು. ಅರ್ಧ ಕುಳಿತು ನಿಲ್ಲುವ ಅರೆಮಂಡಿಯ ಅಭ್ಯಾಸಕ್ಕೆ ಮಂಡಿ ತಾನಾಗಿ ಹೊರಕ್ಕೆ ತೆರೆದುಕೊಳ್ಳುತ್ತದೆ. ಭರತನಾಟ್ಯದ ಮೊದಲ ಹೆಜ್ಜೆಪಾಠವಾದ ತಟ್ಟಡವಿನಲ್ಲಿ ಅಂಗಾಲು ಪೂರ್ತಿ ನೆಲಕ್ಕೆ ಬಿದ್ದು ಸದ್ದು ಬರಬೇಕು, ಇಲ್ಲಿ ನೆಗೆತದಿಂದ ಇಳಿಯುವಾಗ ಸದ್ದೇ ಬರಬಾರದು. ಬೆರಳು, ಮುಂಗಾಲು, ಹಿಮ್ಮಡಿ ಈ ಕ್ರಮದಲ್ಲಿ ಮಂಡಿ ಬಗ್ಗಿಸುತ್ತಾ ಇಳಿಯಿರಿ. ಮಂಡಿ ಬಿಗಿಹಿಡಿದು ಅಂಗಾಲು ಬಡಿದರೆ ಮರುದಿನ ಮೊಣಕಾಲಿನ ಕೆಳಗಿನ ಮೂಳೆಯುದ್ದಕ್ಕೂ ನೋವು. ಬೆನ್ನು ನೆಟ್ಟಗಿಡುವ ರೂಢಿಯನ್ನೂ ಸ್ವಲ್ಪ ಸಡಿಲಿಸಬೇಕು, ಏಕೆಂದರೆ ಇಲ್ಲಿ ಎದೆ, ಸೊಂಟ ಬೇರೆಬೇರೆಯಾಗಿ ಚಲಿಸುತ್ತವೆ. ಇದಕ್ಕೆಲ್ಲ ಎರಡು ವಾರ ಮುಂಚೆ ದಿನಕ್ಕೆ ಅರ್ಧ ಗಂಟೆ ಕನ್ನಡಿ ಮುಂದೆ ಕೆಲಸ ಮಾಡಿದರೆ ಫರಕು ಕಾಣುತ್ತದೆ. ಆದರೆ ಅಭಿನಯದ ಕಣ್ಣನ್ನು ಮಾತ್ರ ಬಿಡಬೇಡಿ. ಹೆಜ್ಜೆ ನೆನೆಸಿಕೊಳ್ಳುತ್ತಾ ನೆಲ ನೋಡುವ ಹತ್ತು ಜನರ ನಡುವೆ ಎದುರಿಗೆ ದೃಷ್ಟಿ ನೆಟ್ಟು ಕುಣಿಯುವವರು ಥಟ್ಟನೆ ಕಾಣುತ್ತಾರೆ.

ಹೆಜ್ಜೆ ತಪ್ಪಿದರೆ? ಕೈ ಬಿಡಬೇಡಿ, ನಾಲಿಗೆ ಕಚ್ಚಬೇಡಿ, ನಗಬೇಡಿ. ಮುಂದಿನ ಆವರ್ತದ ‘ಒಂದು’ ಎಂಬ ಎಣಿಕೆಗೆ ಸೇರಿಕೊಳ್ಳಿ. ಈ ನಾಟಕಕ್ಕೆ ಪರಿಣತ ನರ್ತಕರೇ ಬೇಕೆಂದಿಲ್ಲ. ಸ್ಪರ್ಧೆಯ ಮಕ್ಕಳಿಗೆ ಮೊದಲು ಕಲಿಸುವ ಪಾಠವೇ ತಪ್ಪನ್ನು ಮುಖದಲ್ಲಿ ತೋರಿಸಬಾರದು ಎಂಬುದು. ತೀರ್ಪುಗಾರರ ಮುಂದೆ ಸುಮಾರು ಮೂರು ನಿಮಿಷದೊಳಗೆ ಎಲ್ಲವೂ ಮುಗಿಯುತ್ತದೆ, ಮತ್ತೊಂದು ಅವಕಾಶವಿಲ್ಲ. ನಾಟಕದ ಮೊದಲ ದೃಶ್ಯದಲ್ಲೇ ನಾವಿಕರ ವೇಷದ ಟ್ಯಾಪ್ (ಶೂ ಸದ್ದಿನ) ಕುಣಿತದ ಕೊನೆಗೆ ಒಬ್ಬಳು ಬಿದ್ದು ಕಾಲಿಗೆ ಭಯಂಕರ ಗಾಯ ಮಾಡಿಕೊಳ್ಳುತ್ತಾಳೆ. ಆ ಭಯವನ್ನು ಒಳಗಿಟ್ಟುಕೊಂಡು ಹಲ್ಲು ಬಿಟ್ಟು ನಗುವ ಮುಖ ನಿಮ್ಮಲ್ಲಿದೆಯೇ ಎಂದು ನಿರ್ದೇಶಕರು ನೋಡುತ್ತಾರೆ.

ಬಟ್ಟೆ ಮೈಗೆ ಅಂಟಿಕೊಂಡಿರಲಿ, ಮಂಡಿ ಕಾಣಲಿ. ಬಳೆ, ಸರ ಬೇಡ, ಕೂದಲು ಬಿಗಿಯಾಗಿ ಕಟ್ಟಿರಲಿ. ಸ್ಟುಡಿಯೊದ ವಿನೈಲ್ ನೆಲದ ಮೇಲೆ ಸಾಕ್ಸ್ ಜಾರುತ್ತದೆ. ಜಾಝ್ ಶೂ ಇಲ್ಲದಿದ್ದರೆ ಬರಿಗಾಲೇ ವಾಸಿ.

ಕಾಲ್‌ಬ್ಯಾಕ್, ಅಂದರೆ ಮುಂದಿನ ಸುತ್ತಿಗೆ ಮತ್ತೆ ಕರೆ, ಬಂದರೆ ನಾಟಕದ ಪುಟಗಳನ್ನೇ ಕೊಡುತ್ತಾರೆ. ತಂಡದ ಇನ್ನೊಬ್ಬ ಹುಡುಗಿ ಆಶ್ಲಿಯ ದೀರ್ಘ ಸ್ವಗತ ಸಿಗುವ ಸಾಧ್ಯತೆ ಇದ್ದೇ ಇದೆ: ಹಿಂಜರಿಯುತ್ತಾ ಶುರುವಾಗಿ, ತನ್ನ ರೂಪ, ಬುದ್ಧಿ, ಶಕ್ತಿಯ ಬಗ್ಗೆ ಹೇಳುತ್ತಾ ಕೊನೆಗೆ ಆರ್ಭಟವಾಗುವ ಮಾತು. ಮೊದಲ ಸಾಲಿಗೇ ಕೂಗಿದರೆ ಮುಂದೆ ಏರಲು ಮೆಟ್ಟಿಲೇ ಉಳಿಯುವುದಿಲ್ಲ. ಪುಟವನ್ನು ನಾಲ್ಕು ಭಾಗ ಮಾಡಿ, ಎಲ್ಲಿ ಉಸಿರು ತೆಗೆದುಕೊಳ್ಳುತ್ತೀರಿ ಎಂದು ಪೆನ್ಸಿಲಿನಲ್ಲಿ ಗುರುತು ಹಾಕಿ, ಮೂರನೆಯ ಭಾಗದವರೆಗೂ ಗಂಟಲನ್ನು ಕಾಯ್ದಿಡಿ. ಜೋಡಿ ಬದಲಿಸಿ ಓದಿಸುವಾಗ ನಿಮ್ಮ ಸಾಲಿಗಿಂತ ಎದುರಿನವರ ಸಾಲನ್ನು ಹೆಚ್ಚು ಕೇಳಿಸಿಕೊಳ್ಳಿ. ಹೊಸ ಜೊತೆಗಾರರಿಗೂ ಹಳೆಯ ಉತ್ತರವನ್ನೇ ಕೊಡುವವರು ಅಲ್ಲೇ ಸಿಕ್ಕಿಬೀಳುತ್ತಾರೆ.

ಆಡಿಷನ್ ಫಾರ್ಮ್ ತುಂಬುವಾಗ ಅವಸರ ಬೇಡ. ಸಂಜೆಯ ಲ್ಯಾಬ್, ಪರೀಕ್ಷೆ, ಊರಿಗೆ ಹೋಗುವ ದಿನ ಎಲ್ಲವನ್ನೂ ಬರೆಯಿರಿ. ಪಾತ್ರ ಸಿಕ್ಕ ಮೇಲೆ ಹೊಸ ಅಡಚಣೆ ಹೇಳಿದರೆ ಇಡೀ ತಂಡದ ವೇಳಾಪಟ್ಟಿ ಕೆಡುತ್ತದೆ. ಯಾವ ಪಾತ್ರವಾದರೂ ಒಪ್ಪುತ್ತೀರಾ ಎಂಬ ಪ್ರಶ್ನೆಗೆ ಹೌದು ಎಂದು ಬರೆಯುವ ಮುನ್ನ, ಹಲವು ಅಮ್ಮಂದಿರನ್ನು ಒಬ್ಬರೇ ಆಡುವ ಪಾತ್ರವೂ ಅದರಲ್ಲಿ ಸೇರಿದೆ ಎಂಬುದು ನೆನಪಿರಲಿ. ನನ್ನ ಲೆಕ್ಕದಲ್ಲಿ ಅದು ಬಹಳ ಒಳ್ಳೆಯ ಪಾತ್ರ.

ನಾಟಕದಲ್ಲಿ ಮುಟ್ಟು, ಮೈ, ಬಯಕೆ, ಬೈಗುಳ ಎಲ್ಲವೂ ಮುಚ್ಚುಮರೆಯಿಲ್ಲದೆ ಬರುತ್ತವೆ. ಸ್ಪರ್ಶ, ಬಟ್ಟೆ ಬದಲಿಸುವುದು, ಮಾತುಗಳ ವಿಷಯದಲ್ಲಿ ನಿಮ್ಮ ಗಡಿ ಎಲ್ಲಿ ಎಂದು ಫಾರ್ಮಿನಲ್ಲಿ ಕೇಳಿದ್ದರೆ ನಿಜವನ್ನೇ ಬರೆಯಿರಿ. ಕೇಳದಿದ್ದರೆ ನೀವೇ ಸ್ಟೇಜ್ ಮ್ಯಾನೇಜರನ್ನು ಕೇಳಿ. ಅಪ್ಪ ಅಮ್ಮ, ಮನೆಗೆ ಬಂದಿರುವ ಅಜ್ಜಿ ಪ್ರದರ್ಶನ ನೋಡಲು ಬರುವವರಿದ್ದರೆ ಟಿಕೆಟ್ ತೆಗೆಸುವ ಮುಂಚೆಯೇ ಈ ವಿಷಯ ಹೇಳಿಬಿಡಿ. ಪಾತ್ರಪಟ್ಟಿ ಬಂದ ದಿನ, ಕೊಟ್ಟ ಗಡುವಿನೊಳಗೆ ಒಪ್ಪಿಗೆಯ ಉತ್ತರ ಕಳಿಸಿ, ಟ್ಯಾಪ್ ಶೂಗಾಗಿ ಪಾದದ ಅಳತೆಯನ್ನೂ ಅದರಲ್ಲೇ ಬರೆದುಬಿಡಿ.